ಖೀಮಾ ಸಾಸಿನ ಬಯಕೆ

ಒಲೆಯ ಮುಂದೆ ನಿಲ್ಲುವ ಯೋಗ್ಯತೆ ಎಲ್ಲರಿಗೂ ಇರುವುದಿಲ್ಲ ಎಂಬುದನ್ನು ನಾನು ಬಹಳ ತಡವಾಗಿ ಒಪ್ಪಿಕೊಂಡೆ. ಕೈಯ ಮಾತಲ್ಲ ಇದು. ಕೈ ನನಗೆ ಚೆನ್ನಾಗಿಯೇ ಇದೆ; ಗೋಕಾಕದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿ, ಪಟ್ಟಿ ಹಿಡಿಯದೆ ಬೋರ್ಡಿನ ಮೇಲೆ ಸರಳರೇಖೆ ಎಳೆಯುವ ಕೈ. ತೊಂದರೆ ಮನಸ್ಸಿನದು. ಕಾಯಲು ಇಟ್ಟ ಹಾಲಿನ ಮುಂದೆ ನನ್ನನ್ನು ನಿಲ್ಲಿಸಿ ನೋಡಿ. ಮೊದಲು ಹಾಲೇ ಕಾಣುತ್ತದೆ. ಆಮೇಲೆ ಅದರ ಮೇಲೆ ಕಟ್ಟುವ ತೆಳ್ಳನೆಯ ಕೆನೆ ಕಾಣುತ್ತದೆ, ಕೆನೆಯ ಸುಕ್ಕುಗಳಲ್ಲಿ ಬೇಸಿಗೆಯ ಘಟಪ್ರಭೆಯ ಮರಳು ಕಾಣುತ್ತದೆ, ಮರಳಿನ ಮೇಲೆ ಕೊಕ್ಕರೆಯೊಂದು ನಡೆದುಹೋದ ಹೆಜ್ಜೆ ಕಾಣುತ್ತದೆ. ಆ ಹೆಜ್ಜೆಗಳ ಹಿಂದೆ ನಾನೂ ನಾಲ್ಕು ಮಾರು ಹೋಗಿರುತ್ತೇನೆ, ಅಷ್ಟರಲ್ಲಿ ಹಿಂದಿನಿಂದ "ಏನ್ರೀ, ಹಾಲು!" ಎಂಬ ಕೂಗು. ನೋಡಿದರೆ ಹಾಲು ಕಟ್ಟೆಯಿಂದ ಇಳಿದು ನನ್ನ ಕಾಲ ಬಳಿಗೆ ಬಂದಿರುತ್ತದೆ. ನನ್ನ ಹೆಂಡತಿ ಮಹಾನಂದಾ ಮದುವೆಯಾದ ಮೊದಲ ವರ್ಷ ಇದನ್ನು ಅಜಾಗರೂಕತೆ ಎಂದುಕೊಂಡಳು, ಎರಡನೆಯ ವರ್ಷ ಸೋಮಾರಿತನ ಎಂದುಕೊಂಡಳು, ಮೂರನೆಯ ವರ್ಷ ನನ್ನ ತಾಯಿಯನ್ನು ವಿಚಾರಿಸಿ ಇದು ಹುಟ್ಟುಗುಣವೆಂದು ಖಚಿತಪಡಿಸಿಕೊಂಡು, ನೀರು ಕುಡಿಯುವುದಕ್ಕೆ ಮಾತ್ರ ಅಡುಗೆಮನೆಗೆ ಬರಬಹುದೆಂದು ಅಪ್ಪಣೆ ಕೊಟ್ಟಳು. ಆ ಅಪ್ಪಣೆಯನ್ನು ನಾನು ಇಷ್ಟು ವರ್ಷ ಪಾಲಿಸಿಕೊಂಡು ಬಂದಿದ್ದೆ. ಮುರಿಯುವ ಪ್ರಸಂಗ ಬಂದದ್ದು ಹಾಟ್ ಡಾಗಿನಿಂದ.

ನಾವಿರುವುದು ಗೋಕಾಕ ಫಾಲ್ಸಿನಲ್ಲಿ. ನನ್ನ ಅಪ್ಪ ಹತ್ತಿ ಗಿರಣಿಯ ನೌಕರಿಗೆಂದು ಬಂದು ಇಲ್ಲಿಯೇ ನೆಲೆ ನಿಂತವನು. ಮಳೆಗಾಲ ಬಂತೆಂದರೆ ಜಲಪಾತದ ಸದ್ದು ಮನೆಯ ಒಳಗೇ ಇರುತ್ತದೆ, ಮೂಲೆಯಲ್ಲಿ ಕುಳಿತು ಒಂದೇ ಸಮನೆ ಏನನ್ನೋ ಹೇಳಿಕೊಳ್ಳುವ ಹಿರಿಯರ ಹಾಗೆ. ಹೊಸಬರು ಬಂದರೆ ದನಿ ಎತ್ತರಿಸಿ ಮಾತಾಡುತ್ತಾರೆ. ನಾವು ಆ ಸದ್ದಿನ ಕೆಳಗಿನಿಂದ ನುಸುಳಿ ಮಾತಾಡುವುದನ್ನು ಕಲಿತವರು. ನನ್ನಂಥವನಿಗೆ ಈ ಊರು ತಕ್ಕದ್ದೂ ಹೌದು, ಅಪಾಯದ್ದೂ ಹೌದು. ಬೇರೆ ಕಡೆಯವರು ಕನಸು ಕಾಣಬೇಕಾದರೆ ಹಾಸಿಗೆ ಹಾಸಿಕೊಂಡು ಮಲಗಬೇಕು. ಇಲ್ಲಿ ಕಿಟಕಿ ತೆರೆದರೆ ಆಯಿತು.

ಹೋದ ಶ್ರಾವಣದಲ್ಲಿ ನಮ್ಮ ಒಬ್ಬಳೇ ಮಗಳು ಅಶ್ವಿನಿ ಚೊಚ್ಚಲ ಬಸುರಿಯಾಗಿ ಮೂಡಲಗಿಯ ಗಂಡನ ಮನೆಯಿಂದ ಬಂದಳು. ಕುಬಸದ, ಅಂದರೆ ಸೀಮಂತದ, ಸಂಭ್ರಮ ಮುಗಿದಿತ್ತು. ಬೀಗತಿ ಶಾರದಾಬಾಯಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಅಂಟಿನ ಉಂಡಿ ಎಂದು ಡಬ್ಬಿಗಟ್ಟಲೆ ಕಟ್ಟಿಕೊಟ್ಟಿದ್ದರು. ಅವನ್ನೆಲ್ಲ ತಿಂದು ಮೈ ತುಂಬಿಕೊಂಡವನು ನಾನು. ಅಶ್ವಿನಿ ಒಂದು ತುಣುಕು ಮುರಿದು, ಮೂಸಿ, ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದಳು. ತಿಂಗಳ ತಪಾಸಣೆಗೆ ಹೋದಾಗ ನರ್ಸಬಾಯಿ ಅವಳನ್ನು ತೂಕದ ಮೇಲೆ ನಿಲ್ಲಿಸಿ, ಮುಳ್ಳನ್ನು ನೋಡಿ, ಆಮೇಲೆ ನಮ್ಮಿಬ್ಬರನ್ನೂ ನೋಡಿದರು. "ಏಳು ತಿಂಗಳ ಬಸರಿ ಹಿಂಗಿದ್ರ ಹೆಂಗ್ರಿ? ರಕ್ತನ ಇಲ್ಲ. ಬಾಯಿಗೆ ಏನ ಹಿಡಸತೈತಿ ಅದನ್ನ ಕೊಡ್ರಿ, ಆದ್ರ ಹೊಟ್ಟಿಗೆ ಹೋಗಬೇಕು" ಎಂದರು. ಮಗಳು ಚಪ್ಪಲಿ ಮೆಟ್ಟಿಕೊಳ್ಳಲು ನನ್ನ ಭುಜ ಹಿಡಿದಾಗ ಅವಳ ಮಣಿಕಟ್ಟು ಕಂಡಿತು. ಪೆನ್ಸಿಲಿನ ಎರಡು ಗೆರೆಯಲ್ಲಿ ಬರೆದು ಮುಗಿಸಬಹುದಾದಷ್ಟು ತೆಳ್ಳಗಿತ್ತು. ಅಂದು ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡಲೇ ಇಲ್ಲ.

ಮನೆಗೆ ಬಂದ ಮೇಲೆ ಮಹಾನಂದಾ ಮಗಳನ್ನು ಎದುರಿಗೆ ಕೂರಿಸಿಕೊಂಡು, "ಖರೆ ಹೇಳವ್ವಾ, ಏನ ತಿನಬೇಕ ಅನಸತೈತಿ? ನಾಚಿಕಿ ಬ್ಯಾಡ" ಎಂದಳು. ಅಶ್ವಿನಿ ಬಹಳ ಹೊತ್ತು ಸೆರಗಿನ ತುದಿ ಸುತ್ತಿದಳು. ಆಮೇಲೆ ಗೋಡೆಯ ಕಡೆ ನೋಡಿ, "ಹಾಟ್ ಡಾಗ್" ಎಂದಳು.

ಮಹಾನಂದಾಳಿಗೆ ಡಾಗ್ ಎಂದರೇನು ಎಂಬಷ್ಟು ಇಂಗ್ಲಿಷು ಬರುತ್ತದೆ. ಅವಳು ಎರಡೂ ಕಿವಿ ಮುಚ್ಚಿಕೊಂಡು, "ಶ್ರಾವಣ ಸೋಮವಾರ ಎಂಥಾ ಮಾತ ಆಡತಿ!" ಎಂದಳು.

ಅಶ್ವಿನಿ ನಕ್ಕು ವಿವರಿಸಿದಳು. ಮದುವೆಗೆ ಮುಂಚೆ ಅವಳು ಎರಡು ವರ್ಷ ಕಣಗಲಾದ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ವಾರವಿಡೀ ಅಲ್ಲಿಯೇ ಒಂದು ಖೋಲಿಯಲ್ಲಿದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಊರಿಗೆ ಬರುವಳು. ಹೈವೇ ಪಕ್ಕದಲ್ಲಿ ಬಸ್ಸಿಗೆ ಕಾಯುವ ಜಾಗದಲ್ಲಿ ಒಂದು ನೀಲಿ ಗಾಡಿ ನಿಲ್ಲುತ್ತಿತ್ತಂತೆ. ಉದ್ದನೆಯ ಪಾವು, ಅದನ್ನು ಸೀಳಿ ಒಳಗೆ ಬೆರಳಿನಂಥ ಒಂದು ಮಾಂಸದ ಸಾಸೇಜು, ಅದರ ಮೇಲೆ ಸೌಟಿನಿಂದ ಸುರಿದ ಖೀಮಾದ, ಅಂದರೆ ನುಣ್ಣಗೆ ಕೊಚ್ಚಿದ ಮಾಂಸದ, ಖಾರ ಸಾಸು. "ಪಾವು ಹೆಂಗಿದ್ರೂ ನಡೀತೈತಪ್ಪಾ, ಸಾಸೇಜೂ ಹೆಂಗಿದ್ರೂ ನಡೀತೈತಿ. ಆದ್ರ ಆ ಖೀಮಾ..." ಎಂದು ಅವಳು ಕಣ್ಣು ಮುಚ್ಚಿದಳು. "ಇಟ್ಟಂಗಿ ಪುಡಿ ನೀರಾಗ ಕಲಸಿದಂಗ ಬಣ್ಣ. ತೆಳ್ಳಗ ಅಂದ್ರ ತೆಳ್ಳಗಿಲ್ಲ, ದಪ್ಪ ಅಂದ್ರ ದಪ್ಪಿಲ್ಲ. ಮೊದಲ ಖಾರ ಹತ್ತತೈತಿ, ಆಮ್ಯಾಲ ಎಲ್ಲೋ ಒಂದೀಟ ಸವಿ ಬರತೈತಿ." ಡ್ರಾಯಿಂಗ್ ಮಾಸ್ತರನ ಮಗಳು, ರುಚಿಗಿಂತ ಮೊದಲು ಬಣ್ಣ ಹೇಳಿದಳು. ಅವಳು ಒಮ್ಮೆ ಉಗುಳು ನುಂಗಿಕೊಂಡದ್ದನ್ನು ನಾವಿಬ್ಬರೂ ನೋಡಿದೆವು. ತಿಂಗಳಿಂದ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದವಳ ಬಾಯಲ್ಲಿ ನೀರು ಬಂದಿತ್ತು.

ಈಗ ಧರ್ಮಸಂಕಟ ಮಹಾನಂದಾಳದು. ಉಳಿದ ಹನ್ನೊಂದು ತಿಂಗಳು ನಮ್ಮ ಮನೆಯಲ್ಲಿ ಭಾನುವಾರದ ಮಟನ್ ತಪ್ಪದಿದ್ದರೂ ಶ್ರಾವಣದಲ್ಲಿ ತತ್ತಿಯೂ ಹೊಸ್ತಿಲು ದಾಟುವಂತಿಲ್ಲ. ಇನ್ನೊಂದು ಕಡೆ, ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತವೆ ಎಂಬ ಭಯ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಹೇಳಹೋದೆ. "ನೀವು ಸುಮ್ಮಕಿರ್ರಿ" ಎಂದಳು, ಸ್ವಲ್ಪ ಜೋರಾಗಿಯೇ. ಸಂಜೆಯವರೆಗೆ ಯೋಚಿಸಿ ತೀರ್ಪು ಕೊಟ್ಟಳು: "ಮನಿ ಒಳಗ ಬ್ಯಾಡ. ಹಿತ್ತಲದಾಗ ಬ್ಯಾರೆ ಒಲಿ, ಬ್ಯಾರೆ ಪಾತೇಲಿ. ನಾ ಮುಟ್ಟಾಂಗಿಲ್ಲ, ನೋಡಾಂಗಿಲ್ಲ. ನೀವ ಮಾಡ್ರಿ." ನನ್ನ ಎದೆ ಹಿಗ್ಗಿತು. ಮಗಳು ಮಾತ್ರ ನನ್ನನ್ನು ನೋಡಿ, ತಾಯಿಯನ್ನು ನೋಡಿ, "ಇನ್ನೊಂದ ತಿಂಗಳ ತಡಕೋತೇನಿ ಬಿಡ್ರಿ" ಎಂದಳು.

ಮೊದಲ ಕೆಲಸ, ಆ ಗಾಡಿಯವನನ್ನು ಹುಡುಕುವುದು. ಮರುದಿನವೇ ರಜೆ ಹಾಕಿ, ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಕಣಗಲಾಕ್ಕೆ ಹೊರಟೆ. ಹುಕ್ಕೇರಿ ದಾಟಿದ ಮೇಲೆ ಎರಡೂ ಬದಿಗೆ ಕಬ್ಬು. ಮೇಲೆ ಬಿಸಿಲು ಮತ್ತು ಮೋಡ ಒಂದನ್ನೊಂದು ಅಟ್ಟಿಸಿಕೊಂಡು ಹೊಲದಿಂದ ಹೊಲಕ್ಕೆ ಓಡುತ್ತಿದ್ದವು. ನೆರಳು ಬಂದ ಹೊಲ ಗಾಢ ಹಸಿರು, ಬಿಸಿಲು ಬಂದದ್ದು ಹಳದಿ ಹಸಿರು. ಯಾವ ಹೊಲ ಮುಂದೆ ಬಣ್ಣ ಬದಲಿಸುತ್ತದೆ ಎಂದು ನನ್ನೊಳಗೇ ಪಣ ಕಟ್ಟುತ್ತ ಕುಳಿತಿದ್ದೆ. ಬಸ್ಸು ನಿಂತಾಗ ಎಲ್ಲರೂ ಇಳಿದರು, ನಾನೂ ಇಳಿದೆ. ನಿಪ್ಪಾಣಿ! ಕಂಡಕ್ಟರು ನನಗಿಂತ ಹೆಚ್ಚು ನೊಂದುಕೊಂಡರು. "ಕಣಗಲಾ ಬಂತಂತ ಮೂರ ಸಲ ಒದರೇನ್ರಿ ಮಾಸ್ತರ. ನೀವು ನನ್ನ ಮಾರಿ ನೋಡಿ ನಕ್ಕ್ರಿ. ಇಳಿಯವರಲ್ಲ ಅಂತ ತಿಳಕೊಂಡೆ." ನಕ್ಕದ್ದು ಅವರನ್ನು ನೋಡಿ ಅಲ್ಲ, ನಾನು ಪಣ ಕಟ್ಟಿದ್ದ ಹೊಲ ಗೆದ್ದದ್ದಕ್ಕೆ ಎಂದು ಹೇಳಲು ಮನಸ್ಸಾಗಲಿಲ್ಲ.

ತಿರುಗಿ ಕಣಗಲಾಕ್ಕೆ ಬಂದು ನೋಡಿದರೆ ನೀಲಿ ಗಾಡಿಯೂ ಇಲ್ಲ, ಅದು ನಿಲ್ಲುತ್ತಿದ್ದ ಜಾಗವೂ ಇಲ್ಲ. ಹೈವೇ ಅಗಲವಾಗಿ ಅದನ್ನು ನುಂಗಿತ್ತು. ಅಲ್ಲಿಯೇ ಆಚೆ ಚಹಾ ಮಾರುತ್ತಿದ್ದ ಹೆಣ್ಣುಮಗಳನ್ನು ಕೇಳಿದೆ. "ಬಾಳೂ ಕಾಕಾನ ಗಾಡಿ ಏನ್ರಿ? ಅದನ್ನ ಮಾರಿ ಊರಿಗೆ ಹ್ವಾದ್ರಿ ಅವ. ಬೆಲ್ಲದ ಬಾಗೇವಾಡ್ಯಾಗ ಎಮ್ಮಿ ಕಟ್ಕೊಂಡ ಆರಾಮ ಅದಾನ" ಎಂದಳು.

ಬೆಲ್ಲದ ಬಾಗೇವಾಡಿಯಲ್ಲಿ ಬಾಳೂ ಕಾಕಾ ಎಮ್ಮೆಯ ಮೈ ತೊಳೆಯುತ್ತಿದ್ದ. ಅರವತ್ತರ ಹತ್ತಿರದ, ಮೀಸೆ ನೆರೆತ ಗಟ್ಟಿ ಮನುಷ್ಯ. ನಾನು ಏದುಸಿರು ಬಿಡುತ್ತ ಹೋಗಿ, ಹೆಸರು ಕುಲ ಏನೂ ಹೇಳದೆ, "ಖೀಮಾ ಸಾಸು" ಎಂದುಬಿಟ್ಟೆ. ಅವನು ನನ್ನ ಹೆಗಲ ಚೀಲ, ಕನ್ನಡಕ, ಜೇಬಿನ ಪೆನ್ನು ನೋಡಿ ಮುಖ ಬಿಗಿದ. "ಗಾಡಿ ಬಂದ್ ಮಾಡಿ ಯಾ ಕಾಲ ಆತು. ಲೈಸೆನ್ಸ್ ಕೇಳಾಕ ಈಗ ಬಂದ್ರ್ಯಾ?" ಎಂದ. ನಾನು ಎಲ್ಲ ಬಿಡಿಸಿ ಹೇಳಿದೆ. ಅಶ್ವಿನಿಯ ಹೆಸರು ಬಂದದ್ದೇ ತಡ, ಅವನ ಮುಖ ಅರಳಿತು. "ಟೀಚರ್ ಬಾಯಿ! ಬಸರಿ ಅದಾರ? ಕುಂದರ್ರಿ, ಕುಂದರ್ರಿ. ಶನಿವಾರ ಶನಿವಾರ ಎರಡ ತಗೋತಿದ್ರು. ಒಂದ ಇಲ್ಲೆ ತಿಂದು, ಒಂದ ಪೇಪರಿನ್ಯಾಗ ಕಟ್ಟಸಕೊಂಡ ಹೋಗತಿದ್ರು, ಅಪ್ಪಗ ಅಂತ. ರುಚಿ ನಿಮಗೂ ಗೊತ್ತೈತೆಲ್ಲ, ಮತ್ತೇನ ಹೇಳೂದು!" ಎಂದ.

ಎರಡು ವರ್ಷದ ಶನಿವಾರಗಳಲ್ಲಿ ಒಂದೇ ಒಂದು ಪೊಟ್ಟಣವೂ ನನ್ನ ಕೈಗೆ ಮುಟ್ಟಿರಲಿಲ್ಲ. ಆದರೂ ಮಗಳ ಮರ್ಯಾದೆ ಎಂದುಕೊಂಡು, "ಹೌದ್ರಿ, ಭಾಳ ಚಲೋ ಇರತಿತ್ತು" ಎಂದೆ. (ಮನೆಗೆ ಬಂದು ಕೇಳಿದಾಗ ಅಶ್ವಿನಿ ನೆಲ ನೋಡುತ್ತ ಒಪ್ಪಿಕೊಂಡಳು: "ಸಂಕೇಶ್ವರ ದಾಟೂತನ ನಿಂದ ಅಂತನ ಇಟ್ಕೊಂಡಿರತಿದ್ನೆಪ್ಪಾ. ಹುಕ್ಕೇರ್ಯಾಗ ಬಸ್ ಭಾಳ ಹೊತ್ತ ನಿಲ್ಲತಿತ್ತು.")

ಬಾಳೂ ಕಾಕಾ ಗೋವಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹಲವು ವರ್ಷ ಇದ್ದವನಂತೆ. "ಅಲ್ಲೊಬ್ಬ ಪರದೇಶದ ಗೋರಾ ಅಡಿಗ್ಯಾಂವ ಇದ್ದ. ಹಸೀ ಖೀಮಾ ತಣ್ಣೀರಾಗ ಹಾಕಿ ಕೈಲೆ ಹಿಸಕತಿದ್ದ. ಥೂ, ಇದೇನ ಹೊಲಸ ಅಂದೆ. ತಿಂದ ಮ್ಯಾಲ ಬಾಯಿ ಮುಚ್ಚಿದೆ. ಆದ್ರ ಅವಂಗ ಖಾರ ತಿಳೀಲಿಲ್ರಿ. ಖಾರ ನಮ್ಮವ್ವಂದು" ಎಂದ. ನಾನು ಡ್ರಾಯಿಂಗ್ ಪುಸ್ತಕ ತೆಗೆದು ಬರೆದುಕೊಂಡೆ. ಖೀಮಾವನ್ನು ಎರಡು ಸಲ ಕುಟ್ಟಿಸಬೇಕು, ಹಿಟ್ಟಿನ ಹಾಗೆ ಆಗಬೇಕು. ಎಣ್ಣೆಯಲ್ಲಿ ಹುರಿಯಬಾರದು, ತಣ್ಣೀರಿನಲ್ಲಿ ಕಲಸಿ ಅಂಬಲಿ ಮಾಡಿ ಆಮೇಲೆ ಒಲೆಗಿಡಬೇಕು. ಉಳ್ಳಾಗಡ್ಡಿ ಹೆಚ್ಚುವುದಲ್ಲ, ತುರಿಯುವುದು. ಬೆಳ್ಳುಳ್ಳಿ, ಟೊಮ್ಯಾಟೊ, ಜೀರಿಗೆ, ಕಡ್ಡಿಯಷ್ಟು ದಾಲ್ಚಿನ್ನಿ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಬೇರೆ ಮೆಣಸಿನಕಾಯಿ. ಕೊನೆಗೆ ಹುಣಸೆ ಹುಳಿ, ಬೆಲ್ಲದ ಒಂದು ಚೂರು. "ಎಷ್ಟೆಷ್ಟು?" ಎಂದೆ. "ಅದನ್ನ ಅದ ಹೇಳತೈತ್ರಿ" ಎಂದ. ಆಮೇಲೆ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಗಂಭೀರವಾಗಿ, "ಒಂದ ಮಾತ ನೆನಪಿಡ್ರಿ. ಸಣ್ಣ ಉರಿ, ಎರಡ ತಾಸು. ಕೈಯಾಗಿನ ಸೌಟ ನಿಲ್ಲಬಾರದು. ಮನಸ್ಸ ಎಲ್ಲ್ಯಾರ ಹೋತಂದ್ರ ತಳಾ ಹಿಡಿತೈತಿ. ಒಮ್ಮಿ ತಳಾ ಹಿಡೀತಂದ್ರ ಅದನ್ನ ನಾಯಿಗೂ ಹಾಕಬ್ಯಾಡ್ರಿ" ಎಂದ. ಉಳಿದದ್ದನ್ನೆಲ್ಲ ಬರೆದುಕೊಂಡವನು ಇದನ್ನು ಬರೆದುಕೊಳ್ಳಲಿಲ್ಲ. ನೇರವಾಗಿ ಎದೆಗೇ ಬಂದು ನಾಟಿತ್ತು.

ಪಾವಿನ ಕತೆಯೇ ಬೇರೆ. ಗೋಕಾಕದ ಬೇಕರಿಯವನಿಗೆ ಉದ್ದ ಪಾವು ಎಂದರೆ ತಿಳಿಯಲಿಲ್ಲವೆಂದು ಚಿತ್ರ ಬರೆದು ಕೊಟ್ಟೆ, ನೆರಳು ಬೆಳಕಿನ ಸಮೇತ. ಅವನು ನೆರಳನ್ನೂ ಪಾವೇ ಎಂದು ತಿಳಿದು ಒಂದು ಬದಿಗೆ ಉಬ್ಬಿದ, ಚಪ್ಪಲಿಯಂಥ ವಸ್ತುವನ್ನು ಮಾಡಿಕೊಟ್ಟ. ಸಾಸೇಜನ್ನು ಅಳಿಯ ಸಂತೋಷ ಬೆಳಗಾವಿಯಿಂದ ಐಸಿನಲ್ಲಿಟ್ಟು ತಂದು ಕೊಟ್ಟು, ಮಾವ ಅಡುಗೆ ಮಾಡುತ್ತಾನೆಂದು ಕೇಳಿ ಮೂಡಲಗಿಯಲ್ಲಿ ಕೆಲಸವಿದೆಯೆಂದು ಹೊರಟುಹೋದ. ಖೀಮಾದ ಅಂಗಡಿಯವನು ಶ್ರಾವಣದಲ್ಲಿ ನನ್ನನ್ನು ಕಂಡು ಬೆರಗಾಗಿ, ಕೇಳಬಾರದೆಂದು ಕೇಳದೆ, ಎರಡು ಸಲ ಕುಟ್ಟಿ ಕೊಟ್ಟ. ಅದನ್ನು ಎಂಟನೆಯ ತರಗತಿಯ ಚಿತ್ರಗಳ ಕೆಳಗೆ ಇಟ್ಟುಕೊಂಡು ಮನೆಗೆ ತಂದೆ.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಸಣ್ಣ ಗ್ಯಾಸ್ ಒಲೆ ಇಟ್ಟು ಶುರು ಮಾಡಿದೆ. ತಣ್ಣೀರಿನಲ್ಲಿ ಖೀಮಾ ಹಿಸುಕುವಾಗ ಬಾಳೂ ಕಾಕಾ ಏಕೆ ಹೊಲಸು ಅಂದನೆಂದು ತಿಳಿಯಿತು. ಆದರೆ ಕಾವು ಏರಿ, ಖಾರಪುಡಿ ಬಿದ್ದ ಮೇಲೆ ಅದರ ಚೆಲುವೇ ಬೇರೆ. ಪ್ರವಾಹದ ಹೊಳೆಯಂಥ ಬೂದು ಬಣ್ಣ ನಿಧಾನಕ್ಕೆ ಕೆಂಪಾಯಿತು. ಸಣ್ಣ ಸಣ್ಣ ಗುಳ್ಳೆಗಳು ಒಂದೊಂದಾಗಿ ಬಾಯಿ ತೆರೆದು, ಏನೋ ಅಂದು, ಮುಚ್ಚಿಕೊಳ್ಳುತ್ತಿದ್ದವು. ಜಲಪಾತದ ತುಂತುರು ಗಾಳಿಯಲ್ಲಿ ತೇಲಿ ಬಂದು ಕೈಯ ಮೇಲೆ ಕೂರುತ್ತಿತ್ತು. ಪಾತೇಲಿಯ ಅಂಚಿನಲ್ಲಿ ಬಿಳಿಯ ನೊರೆಯ ಎಳೆಯೊಂದು ಅಂಟಿತ್ತು, ಹತ್ತಿಯ ಎಳೆಯಂತೆ. ಹತ್ತಿ ಎಂದೊಡನೆ ಅಪ್ಪ ಬಂದ. ಗಿರಣಿಯಿಂದ ಪಾಳಿ ಮುಗಿಸಿ ಬರುವಾಗ ಅವನ ಹುಬ್ಬು, ಮೀಸೆ, ಕಿವಿಯ ಮೇಲೆಲ್ಲ ಹತ್ತಿಯ ಧೂಳು ಕೂತಿರುತ್ತಿತ್ತು. ಕಟ್ಟೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, "ಆರಸೋ ತಮ್ಮಾ" ಎನ್ನುವನು. ನಾನು ಒಂದೊಂದೇ ಎಳೆ ಹೆಕ್ಕಿ ತೆಗೆದು ಗಾಳಿಗೆ ಬಿಡುವೆ. ಅದು ಹೊಳೆಯ ಕಡೆ ಹಾರುವುದು. ಮುದುಕನಂತೆ ಬಂದ ಅಪ್ಪ ನನ್ನ ಕೈಯಡಿಯಲ್ಲಿ ಮತ್ತೆ ಪ್ರಾಯದವನಾಗುವನು. ಎಡಹುಬ್ಬು ಮುಗಿಯಿತು. ಬಲಹುಬ್ಬು ಮುಗಿಯಿತು. ಮೀಸೆಯ ಕೊನೆಯ ಎಳೆಗೆ ಕೈ ಹಾಕಿದ್ದೆ.

"ಅಪ್ಪಾ, ವಾಸನಿ" ಎಂದಳು ಅಶ್ವಿನಿ, ಹಿತ್ತಲ ಬಾಗಿಲಲ್ಲಿ ನಿಂತು.

ತಳ ಹಿಡಿದಿತ್ತು. ಹಿಡಿದದ್ದಷ್ಟೇ ಅಲ್ಲ, ಕರ್ರಗೆ ಪಾತೇಲಿಯೊಂದಿಗೆ ಒಂದಾಗಿಬಿಟ್ಟಿತ್ತು. ಮಹಾನಂದಾ ಬೂದಿಯ ಬಟ್ಟಲು ತಂದು ನನ್ನ ಮುಂದಿಟ್ಟು ಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಶ್ವಿನಿ ಬೆಳಗಿನಿಂದ ತಲೆ ಬಾಚಿಕೊಂಡು, ಶನಿವಾರ ಬಸ್ಸಿಗೆ ಕಾಯುವವಳಂತೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಈಗ ಎದ್ದು ಒಳಗೆ ಹೋಗಿ, ಎರಡು ತುತ್ತು ಮೊಸರನ್ನ ತಿಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಮಧ್ಯಾಹ್ನವೆಲ್ಲ ಬೂದಿ ಹಚ್ಚಿ ಪಾತೇಲಿ ತಿಕ್ಕಿದೆ. ಕನಸುಗಾರ ಎಂದು ನನ್ನನ್ನು ಸ್ನೇಹಿತರು ಮೆಚ್ಚಿಕೊಂಡು ಕರೆಯುವುದುಂಟು. ಆ ಹೊತ್ತಿಗೆ ಆ ಮಾತು ಬೈಗುಳದ ಹಾಗೆ ಕೇಳಿಸಿತು. ಜಗತ್ತಿನಲ್ಲಿ ಒಬ್ಬಳೇ ಮಗಳು, ಅವಳು ಬಾಯಿ ಬಿಟ್ಟು ಕೇಳಿದ್ದು ಒಂದೇ ಪದಾರ್ಥ, ಅದಕ್ಕೆ ಬೇಕಾದದ್ದು ಎರಡು ತಾಸಿನ ಮನಸ್ಸು. ಅಷ್ಟು ನನ್ನಲ್ಲಿರಲಿಲ್ಲ.

ಮುಂದಿನ ಭಾನುವಾರ ಎಲ್ಲ ಸಾಮಾನು ಹೊಸದಾಗಿ ತರಿಸಿ ಮತ್ತೆ ಒಲೆ ಹಚ್ಚಿದೆ. ಈ ಸಲ ಮಹಾನಂದಾ ಮೊರದಲ್ಲಿ ಜೋಳ ತೆಗೆದುಕೊಂಡು ಬಂದು ಹಿತ್ತಲ ಮೆಟ್ಟಿಲ ಮೇಲೆ ಕುಳಿತಳು, ಒಲೆಗೆ ಬೆನ್ನು ಮಾಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು. "ನಾ ನೋಡಾಕತ್ತಿಲ್ಲ. ಜೋಳಾ ಹಸನ ಮಾಡಾಕ ಬಂದೇನಿ" ಎಂದಳು, ದೇವರಿಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಆ ಕಡೆ ಮುಖ ಮಾಡಿಕೊಂಡೇ, "ಏನ್ರಿ, ನಮ್ಮ ಮದುವ್ಯಾಗ ನಿಮ್ಮ ಸೋದರಮಾವ ಊಟಾ ಬಿಟ್ಟು ಸಿಟ್ಟಾಗಿ ಎದ್ದ ಹೋದ್ರಲ್ಲ, ಯಾಕ?" ಎಂದಳು.

ಇಷ್ಟು ವರ್ಷದಲ್ಲಿ ಅವಳು ಇದನ್ನು ಕೇಳಿರಲಿಲ್ಲ. ನಾನು ಸೌಟು ತಿರುಗಿಸುತ್ತ ಹೇಳಿದೆ. ಅವಳು ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕೇಳಿದಳು, ಅದಕ್ಕೂ ಹೇಳಿದೆ. ನಮ್ಮ ಮದುವೆಯ ಮೊದಲ ಮಳೆಗಾಲದಲ್ಲಿ ತೂಗುಸೇತುವೆಯ ಮೇಲೆ ಅವಳು ಹೆದರಿ ನನ್ನ ಅಂಗಿ ಹಿಡಿದುಕೊಂಡದ್ದು, ಹಿಡಿದದ್ದು ಹೆದರಿ ಅಲ್ಲವೆಂದು ಅವಳು ಈಗ ಹೇಳಿದ್ದು. ಗೋಡೆಗೆ ಹಚ್ಚಿದ ನನ್ನ ಚಿತ್ರಗಳಲ್ಲಿ ಅವಳಿಗೆ ಯಾವುದು ಸೇರುವುದಿಲ್ಲ ಎಂಬುದು. ಜಲಪಾತದ ಸದ್ದಿನ ಕೆಳಗೆ ಅವಳ ದನಿ ಸಣ್ಣಗೆ ಹರಿಯುತ್ತಿತ್ತು. ಮುಖ ಕಾಣದ್ದರಿಂದಲೋ ಏನೋ, ಮಾತು ಎಲ್ಲಿಂದಲೋ ಬರುತ್ತಿರುವಂತಿತ್ತು, ಹೊಳೆಯ ಆಚೆ ದಂಡೆಯಿಂದ, ನಾವಿಬ್ಬರೂ ಇನ್ನೂ ಬೆಳೆಯುತ್ತಿದ್ದ ಕಾಲದಿಂದ. ಒಮ್ಮೆ ಮೋಡ ಸರಿದು ಹಿತ್ತಲಿಗೆಲ್ಲ ಎಳೆ ಬಿಸಿಲು ಬಿತ್ತು. ನಾನು ಅದನ್ನು ನೋಡುತ್ತಿದ್ದೆ.

"ಅಶ್ವಿನಿ ಹೊಟ್ಟ್ಯಾಗಿದ್ದಾಗ ನನಗ ಏನ ಬಯಕಿ ಇತ್ತು, ನೆನಪೈತೇನ್ರಿ?" ಎಂದಳು.

ನೆನಪಿರಲಿಲ್ಲ. ಹಾಗೆಂದೆ.

"ಸೀತಾಫಲ. ಗುಡ್ಡದ ಕಡಿಂದ ಬುಟ್ಟ್ಯಾಗ ತಂದು ಸೇತುವಿ ಬಾಜೂ ಮಾರತಿದ್ರು. ತರತೇನಿ ಅಂತ ಹೋದ್ರಿ. ಹೊತ್ತ ಮುಣಗೂ ಮುಂದ ಬಂದ್ರಿ. ಕೈಯಾಗ ಚಿತ್ರಾ ಇತ್ತು."

"ಸೀತಾಫಲ?"

"ಅದೂ ಇತ್ತು. ಚಿತ್ರದಾಗ. ಬುಟ್ಟಿ ತುಂಬ ಬರದಿದ್ರಿ. ಚಂದ ಬರದಿದ್ರಿ."

ನನ್ನ ಸೌಟು ಗಿರಗಿರನೆ ತಿರುಗತೊಡಗಿತು. ಅವಳು ಮೊರ ಕೇರುತ್ತ ಮುಂದುವರಿಸಿದಳು: "ಶಾಲ್ಯಾಗ ಐದನೇತ್ತೆ ಮುಗಿಯೂತನ ಅಶ್ವಿನಿ ಕಿವಿ ಸೋರಿದ್ವು. ರಾತ್ರಿ ಹಗಲಿ ಹತ್ತಿ ಇಟ್ಟು ಇಟ್ಟು ತಗದೇನಿ. ಯಾಕ ಅಂತ ನಿಮಗ ಅಂದಿಲ್ಲ. ಅಂದ್ರ ನಂಬಾಂಗಿಲ್ಲ ನೀವು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಶ್ರಾವಣದಲ್ಲೂ ಹಿತ್ತಲಲ್ಲಿ ಖೀಮಾ ಬೇಯಿಸಲು ಅವಳು ಏಕೆ ಒಪ್ಪಿದಳು, ನಾನು ಬಾಯಿ ಹಾಕಿದಾಗ ಏಕೆ ಗದರಿದಳು, ಎಲ್ಲ ಆಗ ತಿಳಿಯಿತು. ಬೆನ್ನನ್ನೇ ನೋಡುತ್ತ, "ತಪ್ಪಾತು" ಎಂದೆ. "ಉಪ್ಪ ನೋಡ್ರಿ" ಎಂದಳು.

ಎರಡು ತಾಸಿನ ಮೇಲೆ ಪಾತೇಲಿಯಲ್ಲಿ ಇಟ್ಟಂಗಿ ಬಣ್ಣದ ಸಾಸು ಇತ್ತು. ತೆಳ್ಳಗೆಂದರೆ ತೆಳ್ಳಗಿಲ್ಲ, ದಪ್ಪವೆಂದರೆ ದಪ್ಪವಿಲ್ಲ. ಚಪ್ಪಲಿಯಾಕಾರದ ಪಾವನ್ನು ಸೀಳಿ, ಸಾಸೇಜಿಟ್ಟು, ಮೇಲೆ ಸುರಿದು ಮಗಳ ಮುಂದಿಟ್ಟೆ. ಅಶ್ವಿನಿ ಮೊದಲು ನೋಡಿದಳು. ಕಚ್ಚಿದಳು. ಅವಳ ಮೂಗಿನ ತುದಿ ಬೆವತಿತು, ಕಣ್ಣಲ್ಲಿ ನೀರಾಡಿತು. ನಾನೂ ಮಹಾನಂದಾಳೂ ಪರೀಕ್ಷೆಯ ಫಲಿತಾಂಶಕ್ಕೆ ನಿಂತವರಂತೆ ನಿಂತಿದ್ದೆವು. "ಬಾಳೂ ಕಾಕಾಂದರಂಗ ಇಲ್ಲಪ್ಪಾ" ಎಂದಳು. ನಾನು ತಟ್ಟೆ ಎತ್ತಲು ಕೈ ಚಾಚಿದೆ. "ಬ್ಯಾರೆ ಐತಿ. ಇನ್ನೊಂದ ಕೊಡು" ಎಂದಳು. ಮೂರು ತಿಂದಳು. ಮೂರನೆಯದನ್ನು ತಿನ್ನುವಾಗ ಅರ್ಧ ಮುರಿದು, ಒಂದು ಕ್ಷಣ ಯೋಚಿಸಿ, ನನಗೆ ಕೊಟ್ಟಳು. ಅದಾದ ಮೇಲೆ ಯಾವ ಕಟ್ಟು ಸಡಿಲಿತೋ, ಅವಳ ಬಾಯಿ ರೊಟ್ಟಿಗೂ ಹೊರಳಿತು, ಪಲ್ಯಕ್ಕೂ ಹೊರಳಿತು. ಮುಂದಿನ ತಿಂಗಳು ನರ್ಸಬಾಯಿ ಮುಳ್ಳು ನೋಡಿ, "ಏನ ತಿನಸಿದ್ರಿ?" ಎಂದಾಗ ಮಹಾನಂದಾ ಥಟ್ಟನೆ, "ದೇವರ ಪ್ರಸಾದ್ರಿ" ಎಂದುಬಿಟ್ಟಳು.

ದಸರೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಮೈ ಕೈ ತುಂಬಿಕೊಂಡು. ತೊಟ್ಟಿಲ ಕಾರ್ಯ ಮುಗಿದ ಮರುದಿನ ಬೀಗತಿ ಶಾರದಾಬಾಯಿಯವರಿಗೆಂದು ಅದೇ ಖೀಮಾ ಸಾಸನ್ನು ನಾನು ಮತ್ತೊಮ್ಮೆ ಮಾಡಿದೆ, ಮಹಾನಂದಾ ಮೊದಲಿನಂತೆ ಬಳಿಯಲ್ಲಿ ಕುಳಿತು ಮಾತಾಡಿಸುತ್ತಿರಲು. ಅವರು ಎರಡು ಸಲ ಹಾಕಿಸಿಕೊಂಡು ತಿಂದು, ನೀರು ಕುಡಿದು, "ಮಾಸ್ತರ, ಹೆಂಗ ಮಾಡಿದ್ರಿ ಹೇಳ್ರಿ. ಯಾವಾಗ ಏನ ಹಾಕಿದ್ರಿ, ಎಷ್ಟ ಹಾಕಿದ್ರಿ? ಬರಕೋತೇನಿ" ಎಂದು ಅಶ್ವಿನಿಯ ಪೆನ್ನು ತೆಗೆದುಕೊಂಡರು. ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಶ್ರಾವಣದಲ್ಲೂ ಅಂದು ಬೆಳಿಗ್ಗೆಯೂ ಒಲೆಯ ಬಳಿ ಮಹಾನಂದಾ ಆಡಿದ ಒಂದೊಂದು ಮಾತೂ ನೆನಪಿತ್ತು. ಪಾತೇಲಿಗೆ ಏನು ಬಿತ್ತು, ಯಾವಾಗ ಬಿತ್ತು, ಒಂದೂ ನೆನಪಿರಲಿಲ್ಲ. ಈ ಸಲವೂ ನಾನು ಒಲೆಯ ಮುಂದೆ ಇರಲೇ ಇಲ್ಲ.

ಮಹಾನಂದಾ ಕೂಸಿನ ಟೊಪ್ಪಿಗೆ ಸರಿಮಾಡುತ್ತ, ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಶ್ರಾವಣದಲ್ಲಿ ಬೆನ್ನು ತಿರುಗಿಸಿ, ಮೂಗು ಮುಚ್ಚಿಕೊಂಡು ಕುಳಿತಿದ್ದವಳು! "ಉಳ್ಳಾಗಡ್ಡಿ ಹಸೀ ವಾಸನಿ ಹೋಗೂತನ ಖಾರ ಹಾಕಬಾರದ್ರಿ. ಅವರ ಹಾಕಾಕ ಹೋಗಿದ್ರು, ಸೋದರಮಾವನ ಸುದ್ದಿ ತಗದ ತಡದೆ. ಟೊಮ್ಯಾಟೊ ಹಾಕಿದ ಮ್ಯಾಲ ಸೌಟಿನ ಸಪ್ಪಳ ನಿಂತಿತು. ತೂಗುಸೇತುವಿ ಸುದ್ದಿ ತಗದೆ. ಬೆಲ್ಲಾ ಹಾಕೂದ ಸ್ವಲ್ಪ ಮೊದಲ ಬಿಸಲ ಬಿತ್ತ ನೋಡ್ರಿ, ಅವಾಗ ಖರೇನ ತಳಾ ಹಿಡಿಯಾಕತ್ತಿತ್ತು. ಸೀತಾಫಲದ ಸುದ್ದಿ ತಗದೆ." ಶಾರದಾಬಾಯಿ ಇದನ್ನೂ ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಪೆನ್ನು ಹಿಡಿದು ಕುಳಿತರು. ಅಶ್ವಿನಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಬೀಗತಿ ಹೋದ ಮೇಲೆ ಮೆಲ್ಲಗೆ ಕೇಳಿದೆ: "ಮಹಾನಂದಾ, ಆ ಸೀತಾಫಲದ ಸುದ್ದಿ ಖರೆ ಏನ?"

"ಆವತ್ತ ತಳಾ ಹಿಡೀತೇನ್ರಿ?"

"ಇಲ್ಲ."

"ಮತ್ತ?" ಎಂದು ಕೂಸನ್ನು ಎತ್ತಿಕೊಂಡು ಹೋದಳು.

ನನ್ನ ಹಳೆಯ ಚಿತ್ರಗಳೆಲ್ಲ ಅಟ್ಟದ ಮೇಲಿನ ಟ್ರಂಕಿನಲ್ಲಿವೆ. ಆ ವರ್ಷದ ಪುಸ್ತಕ ತೆಗೆದು ನೋಡಿದರೆ ಖರೆಯೋ ಸುಳ್ಳೋ ಒಂದು ಗಳಿಗೆಯಲ್ಲಿ ತಿಳಿಯುತ್ತದೆ. ಇದಕ್ಕೆಂದು ಈವರೆಗೆ ನಾಲ್ಕು ಸಲ ಏಣಿ ಹಾಕಿ ಹತ್ತಿದ್ದೇನೆ. ಅಟ್ಟದಲ್ಲಿ ಒಂದು ಸಣ್ಣ ಗವಾಕ್ಷಿ ಇದೆ. ಅಲ್ಲಿಂದ ಹೊಳೆ ನೀರು ಬಂಡೆಯ ಅಂಚಿಗೆ ಬಂದು, ಬೀಳುವ ಮುಂಚೆ ಒಂದು ಕ್ಷಣ ನಿಂತ ಹಾಗೆ ಕಾಣುತ್ತದೆ. ನಾಲ್ಕು ಸಲವೂ "ಏನ್ರೀ, ಊಟಕ್ಕ ಬರ್ರಿ" ಎಂದು ಕೆಳಗಿನಿಂದ ಕರೆ ಬಂದಾಗ, ಏಕೆ ಹತ್ತಿದ್ದೆನೆಂದು ತಿಳಿಯದೆ ಇಳಿದು ಬಂದಿದ್ದೇನೆ.